ರಾತ್ರಿ ಪಾಳಿಯ ಅರ್ಥ

ಸೋಮು ತೀರಿಕೊಂಡ ರಾತ್ರಿ ಅವನ ಪಂಪು ನಸುಕಿನ ತನಕ ನಿಲ್ಲಲಿಲ್ಲ. ಅಲ್ಲಿ ಪಂಪುಗಳಿಗೆ ಕರೆಂಟು ಬಿಡುವುದು ರಾತ್ರಿ ಮಾತ್ರ; ಅದು ಬಂದ ಸ್ವಲ್ಪ ಹೊತ್ತಿಗೇ ಅವನಿಗೆ ಹುಳ, ಎಂದರೆ ಹಾವು, ಮುಟ್ಟಿತ್ತು. ಆದರೆ ಪಂಪಿಗೆ ಆಟೋ ಸ್ಟಾರ್ಟರು ಹಚ್ಚಿದ್ದರು. ಕರೆಂಟು ಬಂದರೆ ತಾನೇ ಏಳುವುದು, ಹೋದರೆ ತಾನೇ ಮಲಗುವುದು, ಅದಕ್ಕೆ ಗೊತ್ತಿದ್ದದ್ದು ಅಷ್ಟೇ. ಕಬ್ಬಿನ ಸಾಲು ತುಂಬಿ, ಬದು ಒಡೆದು, ನೀರು ಬಂಡಿದಾರಿಗೆ ಹರಿದದ್ದನ್ನು ನೋಡಿಯೇ ನಸುಕಿನಲ್ಲಿ ಜನ ಹೊಲ ಹೊಕ್ಕು ಅವನನ್ನು ಕಂಡರು.

ಸೋಮುವಿನ ಅತ್ತಿಗೆ ಚಂದ್ರಕಲಾ ಅದಾದ ಮೇಲೆ ಕೆಲಸಕ್ಕೆ ಸೇರಿದಳು. ಮಮದಾಪುರದಿಂದ ಬಸ್ಸು ಹಿಡಿದು ವಿಜಯಪುರಕ್ಕೆ ಹೋಗುತ್ತಾಳೆ. ಸೊಲ್ಲಾಪುರ ರಸ್ತೆಯಲ್ಲಿ ಕೆಳಗೆ ಟ್ರ್ಯಾಕ್ಟರ್ ರಿಪೇರಿಯ ಅಂಗಡಿ, ಮೇಲೆ ಅವಳು ಸೇರಿದ ಸಂಸ್ಥೆಯ ಎರಡು ಕೋಣೆ. ಅಲ್ಲಿ ಶೈಲಾ ಮೇಡಂ ತಿಕೋಟಾ, ಬಬಲೇಶ್ವರ ತಾಲೂಕುಗಳಿಗೆ ಮುಂದಿನ ಇಪ್ಪತ್ತೈದು ವರ್ಷ ಕರೆಂಟು ಎಲ್ಲಿಂದ, ಯಾವ ಹೊತ್ತಿಗೆ ಬರಬೇಕೆಂಬ ಯೋಜನೆ ತಯಾರಿಸುತ್ತಿದ್ದರು. ದೂರದೂರದ ವಿದ್ಯಾಪೀಠದವರು ಸೇರಿ ಕಟ್ಟಿ, ಯಾರು ಬೇಕಾದರೂ ಬಳಸಲೆಂದು ಬಿಟ್ಟಿದ್ದ ಒಂದು ಸಾಫ್ಟ್‌ವೇರು ಅವರ ಕೈಲಿತ್ತು. ಊರೂರಿನ ಅಂಕಿ ಹಾಕಿದರೆ ಅದು ಮುಂದಿನ ದಾರಿ ತೋರಿಸುತ್ತಿತ್ತು.

"ಇದಕ್ಕ ಕೀಲಿ ಇಲ್ಲ ಚಂದ್ರಕಲಾ," ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. "ಹಿಂದ ಹೊರಗಿನ ಕಂಪನಿಯವರು ಬರೇ ಉತ್ತರಾ ಕೊಟ್ಟು ಹೋಗತಿದ್ರು. ಒಳಗ ಏನ ಹಾಕ್ಯಾರ ಅಂತ ಕೇಳಿದ್ರ ಅದು ಗುಟ್ಟು ಅಂತಿದ್ರು. ಇದನ್ನ ನೀನೂ ತೆರದು ನೋಡಬಹುದು, ತಪ್ಪಿದ್ರ ತಿದ್ದಬಹುದು."

ಸಬ್‌ಸ್ಟೇಶನ್ನಿನ ಮೀಟರು ಗಂಟೆಗಂಟೆಗೆ ಬರೆದಿಟ್ಟ ಅಂಕಿಗಳನ್ನು ಚಂದ್ರಕಲಾಳೇ ಕೂತು ಕಂಪ್ಯೂಟರಿಗೆ ಹೊಡೆದಳು. ಅವಳ ಬೆರಳುಗಳೇ ಹಾಕಿದ ಅಂಕಿಗಳಿಂದ ಯೋಜನೆ ಎದ್ದು ಬಂದಾಗ ಅವಳು ಅದನ್ನು ಎರಡು ಸಲ ಓದಿದಳು. ಪರದೆಯ ಮೇಲಿನ ಗೆರೆ ರಾತ್ರಿಯಾದೊಡನೆ ಗುಡ್ಡದಂತೆ ಉಬ್ಬುತ್ತಿತ್ತು. ಇಲ್ಲಿಯ ರೈತರಿಗೆ ಪಂಪಿನ ಕರೆಂಟು ಬೇಕಾಗುವುದು ರಾತ್ರಿ, ಬಿಸಿಲಿನ ಕರೆಂಟು ರಾತ್ರಿಗೆ ಒದಗದು, ಆದ್ದರಿಂದ ಇಲ್ಲಿ ಸೋಲಾರು ಈಗ ಬೇಡ, ರಾತ್ರಿ ಪಾಳಿಯೇ ಮುಂದುವರಿಯಲಿ. ಯೋಜನೆ ಹೇಳಿದ್ದು ಇದು. ಸೋಮವಾರ ಜಿಲ್ಲಾ ಸಮಿತಿ ಅದಕ್ಕೆ ಒಪ್ಪಿಗೆ ಕೊಡುವುದಿತ್ತು.

ತಮ್ಮ ಸೋಮು ಸತ್ತ ಹೊಲಕ್ಕೇ ಅವಳ ಗಂಡ ಮಹಾದೇವ ಇಂದಿಗೂ ವಾರ ಬಿಟ್ಟು ವಾರ, ನೀರು ಬಿಡುವ ಸರದಿ ಬಂದಾಗ, ರಾತ್ರಿ ಪಾಳಿಗೆ ಹೋಗುತ್ತಾನೆ. ಇಪ್ಪತ್ತೈದು ವರ್ಷ ಹೀಗೇ ಎಂದರೆ ಅವನ ಮುಪ್ಪಿನ ತನಕ.

ಅವಳು ಸೋಮು ಸತ್ತ ದಿನದ ಸಾಲು ಹುಡುಕಿ ತೆಗೆದಳು. ಆ ರಾತ್ರಿಯೂ ಗೆರೆ ಅಷ್ಟೇ ಉಬ್ಬಿತ್ತು.

"ಮೇಡಂ, ಇಲ್ಲಿ ನೋಡ್ರಿ. ಇದರಾಗ ನಮ್ಮ ಸೋಮುನ ಪಂಪೂ ಐತಿ. ಅಂವಾ ಸತ್ತು ಬಿದ್ದಾಗ ಅದು ನೀರ ಎತ್ತಾಕತ್ತಿತ್ತು. ಈ ಲೆಕ್ಕ ಏನ ಅಂತೈತಿ, ಅಂವಗ ನಸುಕಿನ ತನಕ ಕರೆಂಟ ಬೇಕಾಗಿತ್ತು ಅಂತೈತಿ."

ಶೈಲಾ ಬಗ್ಗಿ ಆ ದಿನದ ಸಾಲು ಓದಿದರು. "ಮೀಟರ್ ಸುಳ್ಳ ಹೇಳಂಗಿಲ್ಲಲ್ಲ?"

"ಇಲ್ರಿ, ಹರದದ್ದು ಖರೇನ. ರಾತ್ರಿ ಕೊಟ್ಟಾರ, ರಾತ್ರಿ ತಗೊಂಡೇವಿ. ಹಗಲ ಕೊಟ್ಟಿದ್ರ ಹಗಲ ತಗೋತಿದ್ವಿ. ಕೊಟ್ಟಿದ್ದನ್ನ ನಾವು ಕೇಳಿದ್ದು ಅಂತ ಬರದೇವಿ. ನಾನ ಬರದೇನ್ರಿ."

"ನಿನ್ನ ಮನಿ ದುಃಖಾನ ನಾ ಲೆಕ್ಕದಾಗ ಹ್ಯಾಂಗ ಹಾಕ್ಲಿ, ಹೇಳು. ಪ್ರತಿ ಸಾಲಿಗೂ ಆಧಾರ ಬೇಕು. ಇದನ್ನ ಹಗಲಿಗೆ ಸರಿಸಿದ್ರ, ಎಲ್ಲಿಂದ ತಂದ್ರಿ ಅಂತ ಸಮಿತಿಯವರು ಕೇಳತಾರ."

"ಊರಿಗೆ ಬರ್ರಿ. ಮಂದೀನ ಕೇಳೋಣು."

ಅಂದೇ ಸಂಜೆ ಇಬ್ಬರೂ ಮಮದಾಪುರಕ್ಕೆ ಬಂದರು. ಶ್ರಾವಣವಾದ್ದರಿಂದ ಮಠದಲ್ಲಿ ಪುರಾಣ ನಡೆದಿತ್ತು. ಅಲ್ಲಿಯ ಪದ್ಧತಿ ಹಳೆಯದು. ಒಬ್ಬರು ಪದ್ಯವನ್ನು ರಾಗವಾಗಿ ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಅರ್ಥ ಮುಗಿದು, ಕೂತವರು ಹೂಂಗುಟ್ಟುವ ತನಕ ಮುಂದಿನ ಪದ್ಯಕ್ಕೆ ಹೋಗುವಂತಿಲ್ಲ. ನಲವತ್ತು ಶ್ರಾವಣಗಳಿಂದ ಅರ್ಥ ಹೇಳುತ್ತ ಬಂದವರು ಬಸಗೊಂಡಪ್ಪ. ಊರಿಗೆಲ್ಲ ಅವರು ಮುತ್ಯಾ.

ಪುರಾಣ ಮುಗಿದು ಸಕ್ಕರೆ ಹಂಚಿದ ಮೇಲೆ ಶೈಲಾ ಎದ್ದು ನಿಂತು ಕೇಳಿದರು, "ಕರೆಂಟ ನಿಮಗ ಯಾವಾಗ ಬೇಕೋ ಆವಾಗ ಸಿಗತೈತಿ ಅಂತ ತಿಳಕೊಳ್ರಿ. ನೀರ ಯಾವಾಗ ಬಿಡತೀರಿ?"

ಕಂಬಕ್ಕೆ ಒರಗಿದ್ದ ಯಲಗೂರಪ್ಪ ಎಂಬ ರೈತ ಗಂಟಲು ಸರಿಪಡಿಸಿಕೊಂಡ. "ಬಾಯಾರ, ನೀವು ಲೈಟಿನ ಆಫೀಸಿನವರೇನ್ರಿ?"

"ಅಲ್ರಿ."

"ಅಲ್ಲ ಅನ್ನವ್ರ ಬರತಾರ್ರಿ ಮೊದಲ, ಲೈನ ಕಡಿಯವ್ರು ಆಮ್ಯಾಲ." ಒಂದಿಬ್ಬರು ನಕ್ಕರು. ಯಲಗೂರಪ್ಪ ಕೈ ಜೋಡಿಸಿದ. "ಈಗ ಕೊಟ್ಟದ್ದ ಛಲೋ ಐತ್ರಿ. ರಾತ್ರಿ ಕೊಟ್ರೂ ನಡೀತೈತಿ. ರೂಢಿ ಆಗೇತಿ. ಇದ್ದದ್ದೊಂದು ಕಸೀಬ್ಯಾಡ್ರಿ ಅಷ್ಟ."

"ಹೌದ್ರಿ, ರಾತ್ರಿ ತಂಪ ಇರತೈತಿ," ಎಂದ ಮತ್ತೊಬ್ಬ. "ನಮ್ಮದೇನೂ ತಕರಾರ ಇಲ್ರಿ," ಎಂದಿತು ಹಿಂದಿನಿಂದ ಒಂದು ದನಿ. ಮಹಾದೇವ ಹೆಂಡತಿಯ ಕಡೆ ನೋಡಿದ, ನೆಲ ನೋಡಿದ.

ಶೈಲಾ ಚಂದ್ರಕಲಾಳ ಕಡೆ ತಿರುಗಿದರು. ಅವರ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ, ಆದರೆ ಉತ್ತರ ಸಿಕ್ಕಿತಲ್ಲ ಎಂಬಂತಿತ್ತು. ಚಂದ್ರಕಲಾಳಿಗೆ ಊರಿನ ಮೇಲೆ ಸಿಟ್ಟು ಬರಲಿಲ್ಲ. ಕೇಳಲು ಬಂದವರೆಲ್ಲ ಕಿತ್ತುಕೊಳ್ಳಲು ಬಂದವರೇ ಎಂದು ಪೆಟ್ಟು ತಿಂದು ಕಲಿತವರ ಬಾಯಿ ಹೀಗೇ ಆಡುತ್ತದೆ. ಅವಳು ಲ್ಯಾಪ್‌ಟಾಪು ತೆರೆದು ಪುರಾಣದ ಮಣೆಯ ಪಕ್ಕದಲ್ಲಿ ಕೂತಳು.

"ಮುತ್ಯಾ, ನಾ ಓದತೇನಿ. ನೀವು ಅರ್ಥಾ ಹೇಳ್ರಿ."

"ಅದೇನ ಪುರಾಣ ಏನವ್ವಾ?"

"ನಮ್ಮೂರಿನದ ಐತ್ರಿ. ಮುಂದಿನ ಇಪ್ಪತ್ತೈದು ವರ್ಷದ್ದು."

ಮುದುಕರು ಟೊಪ್ಪಿಗೆ ಸರಿಪಡಿಸಿಕೊಂಡು ನೆಟ್ಟಗೆ ಕೂತರು. ಓದುವುದೆಂದರೆ ಅವರಿಗೆ ಆಟವಲ್ಲ. ಚಂದ್ರಕಲಾ ರಾಗವಿಲ್ಲದೆ, ಒಂದೊಂದೇ ಮಾತು ಬಿಡಿಸಿ ಓದಿದಳು: "ಮಮದಾಪುರ. ನೀರಾವರಿ ಪಂಪುಗಳು. ರೈತರು ಕರೆಂಟು ಬಯಸುವ ಹೊತ್ತು, ರಾತ್ರಿ ಹತ್ತರಿಂದ ನಸುಕಿನ ನಾಲ್ಕರವರೆಗೆ."

"ಅರ್ಥ," ಎಂದು ಬಸಗೊಂಡಪ್ಪ ರೂಢಿಯ ದನಿಯಲ್ಲಿ ತೊಡಗಿದರು. "ಅರ್ಥ ಏನಪಾ ಅಂದ್ರ, ನಮ್ಮೂರಿನ ಒಕ್ಕಲಿಗರು ಹಗಲ ಹೊತ್ತು ಒಲ್ಲೆ ಅಂದ್ರು. ಕತ್ತಲಿದ್ರ ನಮಗ ಛಲೋ ಅಂದ್ರು. ಉಂಡು, ಮಕ್ಕಳನ್ನ ಮಲಗಿಸಿ, ಬ್ಯಾಟರಿ ಹಿಡಕೊಂಡು ತಾವಾಗಿ..." ಅಲ್ಲಿಗೆ ದನಿ ಎಳೆದು ನಿಂತಿತು. ಮುಂದೆ ಅರ್ಥದ ದಾರಿ ಎಲ್ಲಿಗೆ ಹೋಗುತ್ತದೆಂದು ಅವರಿಗೆ ಕಂಡಿತ್ತು. ಹೆಂಗಸರ ಸಾಲಿನಲ್ಲಿ ಕೂತ ಮುದುಕವ್ವ, ಸೋಮುವಿನ ತಾಯಿ, ಅವರನ್ನೇ ನೋಡುತ್ತಿದ್ದಳು.

"ಹೇಳ್ರಿ ಮುತ್ಯಾ," ಎಂದಳು ಚಂದ್ರಕಲಾ ಮೆಲ್ಲಗೆ. "ಅರ್ಥಾ ಮುಗೀಲಾರದ ಮುಂದಿನ ಸಾಲ ಓದಾಕ ಬರಂಗಿಲ್ಲ."

"ಅರ್ಥ ಏನಂದ್ರ, ಸೋಮು ತಾನಾಗಿ ಬೇಡಿ ಹೋದ," ಎಂದರು ಮುದುಕರು. ಆಮೇಲೆ ತಲೆ ಅಲ್ಲಾಡಿಸಿದರು. "ಇದಕ್ಕ ನಾ ಹೂಂ ಅನ್ನಲಾರೆ. ನೀವು ಅಂತೀರೇನಪಾ?"

ಮಠದೊಳಗೆ ಯಾರೂ ಹೂಂ ಅನ್ನಲಿಲ್ಲ.

ಮೊದಲು ಎದ್ದವನು ಯಲಗೂರಪ್ಪನೇ. "ನಾ ಅಂದದ್ದು ಅಂಜಿ ಅಂದದ್ದು, ಬಾಯಾರ. ಹಗಲ ಕೊಟ್ರ ಯಾಂವ ರಾತ್ರಿ ಹೊಲಕ್ಕ ಹೋಗತಾನ್ರಿ?" ಆಮೇಲೆ ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಸೇರಿಸಿದರು. ಮುಂಜಾನೆ ಬಿಸಿಲೇರುವ ಮೊದಲು ಬೇಕೆಂದರು ಉಳ್ಳಾಗಡ್ಡಿ ಬೆಳೆದವರು, ಮಧ್ಯಾಹ್ನವಾದರೂ ಸೈ ಎಂದರು ಕಬ್ಬಿನವರು. "ಅಂವಗ ರಾತ್ರಿನ ಬೇಕ್ರಿ, ಹೆಂಡತಿ ಬೈಗಳಾ ತಪ್ಪತಾವ," ಎಂದು ಯಾರೋ ಒಬ್ಬನನ್ನು ತೋರಿಸಿದರು. ಅವನೂ ಇಲ್ಲವೆಂದು ಕೈ ಆಡಿಸಿದ. ಶೈಲಾ ಎಲ್ಲವನ್ನೂ ಬರೆದುಕೊಂಡರು.

ಕೊನೆಗೆ ಅವರೇ ಬಾಯಿಬಿಟ್ಟರು. "ತಪ್ಪ ನಮ್ಮದು. ಆದ್ರ ಇದನ್ನ ತಿದ್ದಿದ್ರ ಎರಡೂ ತಾಲೂಕಿನ ಊರೂರಿಗೆ ಹೋಗಿ ಹಿಂಗ ಕೇಳಬೇಕು. ಸೋಮವಾರಕ್ಕ ಆಗಂಗಿಲ್ಲ. ಸಮಿತಿ ಮತ್ತ ಕೂಡೂದು ಸುಗ್ಗಿ ಆದಮ್ಯಾಲ. ಅಲ್ಲೀತನಕ ಕಾಯತಾರೋ, ಬ್ಯಾರೆ ತಾಲೂಕಿನ ಯೋಜನಾ ಹಿಡೀತಾರೋ, ನಾ ಹೇಳಲಾರೆ. ಇದ್ದಂಗ ಕಳಿಸಿದ್ರ ರಾತ್ರಿ ಪಾಳಿ ಗಟ್ಟಿ. ತಿದ್ದಿದ್ರೂ ಹಗಲು ಗಟ್ಟಿ ಅಂತಲ್ಲ."

ಚಂದ್ರಕಲಾ ಅತ್ತೆಯ ಕಡೆ ನೋಡಿದಳು. ಮುದುಕವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನನ್ನ ಮಗಾ ಬೇಡಿ ಹೋಗ್ಯಾನ ಅಂತ ಬರದದ್ದು ಮೊದಲ ಅಳಿಸ್ರೆವ್ವಾ. ಉಳದದ್ದು ತಡಾ ಆಗ್ಲಿ."

"ನೀನ ಅಳಿಸು," ಎಂದರು ಶೈಲಾ.

ಚಂದ್ರಕಲಾ ಆ ಸಾಲನ್ನು ಅಳಿಸಿದಳು. ಮೀಟರಿನ ಅಂಕಿಗಳನ್ನು ಮುಟ್ಟಲಿಲ್ಲ. ಹರಿದದ್ದು ಹರಿದದ್ದೇ. ಬೇಕಾದ ಹೊತ್ತಿನ ಮುಂದೆ ಊರವರು ಹೇಳಿದ್ದನ್ನು ಹಾಕಿ, ಆಧಾರದ ಜಾಗದಲ್ಲಿ ಬರೆದಳು: ಮಮದಾಪುರದ ಮಠದಲ್ಲಿ, ಎಲ್ಲರೂ ಕೂತು ಕೇಳಿದ್ದು. ಅದನ್ನು ತೆರೆದವರು ಯಾರೇ ಇರಲಿ, ಯಾವ ದೇಶದವರೇ ಇರಲಿ, ಓದಬಹುದಿತ್ತು. ಸಮಿತಿಯವರಿಗೆ ಯೋಜನೆ ಹಿಂದೆ ತೆಗೆದುಕೊಳ್ಳುತ್ತೇವೆಂದು ತಿಳಿಸಲು ಶೈಲಾ ಫೋನು ಹಿಡಿದು ಮೆಟ್ಟಿಲಿಗೆ ಹೋದರು.

ಮಹಾದೇವ ಎದ್ದ. ಈ ವಾರ ಅವನದೇ ಪಾಳಿ. ಅವ್ವನ ಪಾದ ಮುಟ್ಟಿ, ಬಾಗಿಲ ಬಳಿ ಚಪ್ಪಲಿ ಮೆಟ್ಟಿ, ಹೊಲದ ಕಡೆ ನಡೆದ. ಯಾರೂ ಅವನನ್ನು ತಡೆಯಲಿಲ್ಲ. ಕಬ್ಬಿಗೆ ನೀರು ಬೇಕಾಗಿತ್ತು. ಚಂದ್ರಕಲಾಳ ಕಣ್ಣು ಕತ್ತಲಲ್ಲಿ ಅವನ ಹಿಂದೆಯೇ ಹೋಗಿ, ಬಹಳ ಹೊತ್ತಿನ ಮೇಲೆ ಮರಳಿತು.

ಬಸಗೊಂಡಪ್ಪ ಅಲ್ಲಿಯ ತನಕ ಕಾದಿದ್ದರು.

"ಓದವ್ವಾ ತಂಗಿ," ಎಂದರು, "ಮುಂದಿನ ಸಾಲು."