ಮೂರನೇ ಟ್ಯಾಂಕಿನ ನೀರು

"ಲೋ ಕತ್ತೆ, ನಿನ್ನ ಕರೆಸಿದ್ದು ಬಣ್ಣ ಬಳಿಯೋಕೋ, ತಲೆ ಓಡಿಸೋಕೋ?"

ಏಣಿಯ ಮೇಲಿದ್ದ ನನಗೆ ಮ್ಯಾನೇಜರನ ಬೋಳುತಲೆಯಷ್ಟೇ ಕಾಣುತ್ತಿತ್ತು. ಬಯ್ಯುವಾಗ ಅದು ನನ್ನ ಡಬ್ಬಿಯ ಬಣ್ಣಕ್ಕಿಂತ ಕೆಂಪಗಾಗುತ್ತದೆ.

ವಿಷಯ ಇಷ್ಟೇ. ಡಿಪೋದಲ್ಲಿ ಮೂರು ಟ್ಯಾಂಕು. ಪೆಟ್ರೋಲು ತುಂಬಿದ ಟ್ಯಾಂಕಿನ ಮೇಲೆ ಬೆಂಕಿಯ ಗುರುತು, ಒಳಗಿರುವುದರ ಹೆಸರು, 'ಕಿಡಿ ತರಬೇಡಿ' ಎಂಬ ಎಚ್ಚರಿಕೆ ಇರಲೇಬೇಕೆಂದು ಕಾನೂನು. ಎರಡಕ್ಕೆ ಬರೆದು ಮುಗಿಸಿದ್ದೆ. ಮೂರನೆಯದು ಮೊದಲಿನಿಂದ ನೀರಿನದು. ಅದರ ಮುಚ್ಚಳದ ಹತ್ತಿರ ಮೂಗು ಹೋದಾಗಲೇ ನನಗೆ ಗೊತ್ತಾಗಿದ್ದು, ಅದಕ್ಕೂ ಪೆಟ್ರೋಲು ತುಂಬಿಸಿದ್ದಾರೆ ಅಂತ. ಲೈಸೆನ್ಸು ಇರುವುದು ಎರಡಕ್ಕೇ. ಹಾಗಾಗಿ 'ನೀರು' ಎಂದೇ ಹೊಸದಾಗಿ ಬರೆಯಬೇಕಂತೆ.

"ಸಾರ್, ಅದರ ಪಕ್ಕದಲ್ಲೇ ನಮ್ಮಕ್ಕ ಒಲೆ ಹಚ್ಚೋದು."

"ಹಚ್ಚಲಿ. ನೀರಿಗೆ ಬೆಂಕಿ ಹತ್ತತ್ತೇನೋ? ಮುಚ್ಕೊಂಡು ಬರಿ. ನಾಳೆ ತಪಾಸಣೆಗೆ ಸಾಹೇಬ್ರು ಬರ್ತಾರೆ."

ಬರೆದೆ. ಅಕ್ಷರ ಚೆನ್ನಾಗಿಯೇ ಬಂತು, ಹಾಳಾದ್ದು. ಇಳಿದವನೇ ಅಕ್ಕನಿಗೆ ಹೇಳಿದೆ. ಪೀಪಾಯಿ ಉರುಳಿಸುವ ಹಮಾಲಿಗಳಿಗೆಲ್ಲ ಅವಳದೇ ಅಡುಗೆ. ಉರಿಯುತ್ತಿದ್ದ ಒಲೆಗೆ ಕೊಡದ ನೀರು ಸುರಿದಳು.

"ಬೋಳಿಮಗ! ನನ್ ಕೈಯಿಂದಲೇ ಎಲ್ರಿಗೂ ಕೊಳ್ಳಿ ಇಡಿಸ್ತಿದ್ನಲ್ಲೋ!"

"ನಾಳೆ ಸಾಹೇಬ್ರಿಗೆ ಹೇಳೋಣ ಅಕ್ಕ."

"ನಮ್ ಮಾತು ಅವ್ರ ಕಿವಿಗೆ ಹೋಗತ್ತೇನೋ? ನೀನು ಸುಮ್ನಿರು."

ಮಾರನೆಯ ದಿನ ಸಾಹೇಬರು ಬಂದರು. ಮೂರನೆಯ ಟ್ಯಾಂಕಿನ ಮುಂದೆ ನಿಂತು, "ಇದು?" ಎಂದರು.

"ನೀರು ಸಾರ್," ಎಂದ ಮ್ಯಾನೇಜರ್.

ಸಾಹೇಬರು ತಲೆಯಾಡಿಸಿ ಬರೆದುಕೊಂಡರು. ಅಕ್ಕ ತಣ್ಣಗಿನ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು.

"ಬಿಸಿಲಲ್ಲಿ ಬಂದಿದೀರ, ಒಂಚೂರು ಟೀ ಕಾಯಿಸ್ತೀನಿ ಸಾರ್. ನೀರಿನ ಟ್ಯಾಂಕಲ್ವಾ, ಭಯ ಇಲ್ಲ," ಎನ್ನುತ್ತಾ ಬೆಂಕಿಪೊಟ್ಟಣ ಎತ್ತಿದಳು.

"ಏಯ್! ಬೇಡ!" ಮ್ಯಾನೇಜರ್ ಕಿರುಚಿ ಕಾಲಿಗೆ ಬುದ್ಧಿ ಹೇಳಿದ. ಆದರೆ ಗೇಟು ಮೊದಲು ದಾಟಿದ್ದು ಅವನಲ್ಲ, ಸಾಹೇಬರು.

ನಾನೂ ಓಡಲು ತಿರುಗಿದ್ದೆ. ಅಕ್ಕ ಪೊಟ್ಟಣ ತೆರೆದು ತೋರಿಸಿದಳು. ಒಂದು ಕಡ್ಡಿಯೂ ಇರಲಿಲ್ಲ. ಹಮಾಲಿಗಳು ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು.

"ಅಂದ್ರೆ ಸಾಹೇಬನಿಗೂ ಗೊತ್ತಿತ್ತು," ಎಂದ ಒಬ್ಬ.

ನಾಲ್ಕು ಜನ ಏಣಿ ಹಿಡಿದರು. ಕೆಂಪು ಡಬ್ಬಿ ತೆಗೆದುಕೊಂಡು ಹತ್ತಿದೆ. 'ನೀರಿ'ನ ಮೇಲೆಯೇ ಬೆಂಕಿ ಬರೆದೆ, ರಸ್ತೆಗೆ ಕಾಣುವಷ್ಟು ದೊಡ್ಡದಾಗಿ.

"ಇಳಿಯೋ ಕತ್ತೆ!" ಗೇಟಿನಾಚೆಯಿಂದ ಮ್ಯಾನೇಜರ್ ಕೂಗುತ್ತಲೇ ಇದ್ದ. ಒಳಗೆ ಮಾತ್ರ ಕಾಲಿಡಲಿಲ್ಲ. ಅಕ್ಕ ಖಾಲಿ ಪೊಟ್ಟಣ ಹಿಡಿದು ಕೂತೇ ಇದ್ದಳು.