ಹೊಗೆ ಹಿಡಿದವಳ ಎರಿ

ಹೂವಿನ ಕಾಲ ಮುಗಿಯುತ್ತ ಬಂದಿತ್ತು. ಬಿಸಿಲೇರುವ ಮೊದಲೇ ಅಕ್ಕ ಜೇನುಪೆಟ್ಟಿಗೆಗಳ ಮುಚ್ಚಳ ತೆಗೆಯತೊಡಗಿದ್ದಳು. ಒಂದು ಕೈಯಲ್ಲಿ ಹೊಗೆಯ ತಿದಿ, ಇನ್ನೊಂದರಲ್ಲಿ ಜೇನು ತುಂಬಿದ ಮೇಣದ ಎರಿ. ಎರಡನ್ನೂ ಒಬ್ಬಳೇ ಸಂಭಾಳಿಸಲು ಹೋಗಿ ಆಗಲೇ ನಾಲ್ಕು ಕಡೆ ಕಚ್ಚಿಸಿಕೊಂಡಿದ್ದಳು.

ಇಪ್ಪತ್ತು ವರ್ಷ ಹೊಗೆ ಹಿಡಿದದ್ದು ತಂಗಿ. ಗಂಡ ತೀರಿಕೊಂಡ ಮೇಲೆ ಅಕ್ಕನ ಮನೆಗೆ ಬಂದವಳು, ಬಿಟ್ಟಿ ಕೂಳು ಬೇಡ ಎಂದಿದ್ದಳು. ಹೊಗೆ ಹಿಡಿದವಳಿಗೆ ವರ್ಷದ ಮೊದಲ ಎರಿ ಎಂದು ಆಗ ಮಾತಾಗಿತ್ತು. ಪೆಟ್ಟಿಗೆಯ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಮೇಣಸಮೇತ ಅಗಿದು, ಮೊಣಕೈಗೆ ಇಳಿದದ್ದನ್ನೂ ನೆಕ್ಕುತ್ತಿದ್ದಳು.

ಈಗ ಅವಳು ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಹೊಟ್ಟೆಯಲ್ಲಿ ಕ್ಯಾನ್ಸರ್ ಗಡ್ಡೆ.

"ಅಕ್ಕಾ, ನನ್ನ ಕೂಲಿ ಎಲ್ಲೇ?"

"ಕೆಲಸ ಮಾಡದೋಳಿಗೆ ಎಂಥ ಕೂಲಿ?"

"ಒಂದು ಬೆರಳು ನೆಕ್ಕೋಷ್ಟು ಕೊಡೇ, ಜಿಪುಣಿ."

"ಸುಮ್ನೆ ಮಲಗು. ಸಿಹಿ ತಿಂದ್ರೆ ಗಡ್ಡೆಗೇ ಊಟ ಹಾಕಿದ ಹಾಗಂತೆ."

ಹಾಗೆಂದು ಹೇಳಿದವರು ಒಬ್ಬರಲ್ಲ. ಬಸ್ಸಿನಲ್ಲಿ ಪಕ್ಕ ಕೂತವಳು, ಅಂಗಡಿಯವನು, ದರ್ಜಿಯ ಫೋನಿಗೆ ಬಂದ ವಿಡಿಯೊ. ಅಕ್ಕ ಮೊದಲು ಸಕ್ಕರೆ ನಿಲ್ಲಿಸಿದಳು, ಆಮೇಲೆ ಹಾಲು, ಆಮೇಲೆ ಹಣ್ಣು. ಮೂರು ಹೊತ್ತೂ ಸೊಪ್ಪು ಬೇಯಿಸಿದ ನೀರು. ಎರಡು ಗುಟುಕಿಗೇ ತಂಗಿ ಮುಖ ತಿರುಗಿಸುತ್ತಿದ್ದಳು. ಅವಳ ಅಂಗಿಯ ತೋಳು ಜೋತುಬಿದ್ದಾಗ, "ಗಡ್ಡೆ ಕರಗ್ತಾ ಇದೆ, ಅದಕ್ಕೇ ಸಣ್ಣಗಾಗಿದಾಳೆ" ಎಂದು ಅಕ್ಕ ನೆರೆಯವಳಿಗೆ ಹೇಳಿದ್ದೂ ಉಂಟು.

ವಾರದ ಮೇಲೆ ಆಸ್ಪತ್ರೆಗೆ ಹೋದಾಗ ನರ್ಸ್ ತಂಗಿಯನ್ನು ಎರಡು ಸಲ ತೂಕ ಮಾಡಿದಳು.

"ಏನು ಕೊಡ್ತಿದ್ದೀರಮ್ಮ ಇವರಿಗೆ?"

ಅಕ್ಕ ಹೆಮ್ಮೆಯಿಂದಲೇ ಹೇಳಿದಳು. ನರ್ಸ್ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

"ಸಿಹಿ ಬಿಟ್ರೆ ಗಡ್ಡೆ ಉಪವಾಸ ಬೀಳಲ್ಲಮ್ಮ, ಇವರು ಬೀಳ್ತಾರೆ. ಇಷ್ಟು ತೂಕ ಇಳಿದ ಮೇಲೆ ಮುಂದಿನ ಔಷಧಿ ತಡ್ಕೊಳ್ಳಲ್ಲ ಅಂತಾರೆ ಡಾಕ್ಟ್ರು. ಗಂಟಲಲ್ಲಿ ಇಳಿಯೋದನ್ನೆಲ್ಲ ಕೊಡಿ."

"ಜೇನು?"

"ಅದನ್ನೂ ಕೊಡಿ."

ಮನೆಗೆ ಬಂದವಳೇ ಅಕ್ಕ ಎರಿ ಕೊಯ್ಯದೆ ಉಳಿದಿದ್ದ ಒಂದೇ ಪೆಟ್ಟಿಗೆಯನ್ನು ಹೊಗೆಯೂ ಹಾಕದೆ ತೆರೆದಳು. ಊದಿಕೊಂಡ ಕೈಯಲ್ಲೇ ತಟ್ಟೆ ಹಿಡಿದು ಮಂಚದ ಬಳಿ ಕೂತಳು.

ತಂಗಿ ಎರಿಯನ್ನೇ ನೋಡಿದಳು. "ಇದು ಮೊದಲನೇದಲ್ಲ."

"ಮೊದಲನೇದು ಮಾರಿಬಿಟ್ಟೆ ಕಣೇ."

"ಹಾಗಾದ್ರೆ ನನ್ನ ಬಾಕಿ ಹಾಗೇ ಇದೆ" ಎಂದು ನಕ್ಕು ಬಾಯಿ ತೆರೆದಳು. ಅಕ್ಕ ಬೆರಳಲ್ಲಿ ಹಚ್ಚಿದ ಜೇನು ನಾಲಿಗೆಯ ಮೇಲೆ ಒಂದು ಗಳಿಗೆ ನಿಂತು, ಕಟಬಾಯಿಂದ ಹೊರಗೆ ಇಳಿಯಿತು. "ಚೆನ್ನಾಗಿದೆ" ಎಂದಳು, ನುಂಗಲಾಗದಿದ್ದರೂ.

ಅದಾದ ಒಂಬತ್ತನೆಯ ದಿನ ತಂಗಿ ಹೋದಳು. ತಿಂದಿದ್ದರೆ ಉಳಿಯುತ್ತಿದ್ದಳೇ ಎಂದು ಅಕ್ಕ ಡಾಕ್ಟರನ್ನು ಕೇಳಿದಳು. "ಹೇಳೋಕಾಗಲ್ಲಮ್ಮ" ಎಂದರು ಅವರು.

ಮುಂದಿನ ಹೂವಿನ ಕಾಲಕ್ಕೆ ಅಕ್ಕ ಮೊದಲ ಎರಿಯನ್ನು ಕೊಯ್ದು ಚಪ್ಪಡಿ ಕಲ್ಲಿನ ಮೇಲಿಟ್ಟಳು. ಮಧ್ಯಾಹ್ನದೊಳಗೆ ಹುಳಗಳೇ ಬಂದು ತಮ್ಮ ಜೇನನ್ನು ತಾವೇ ಹೊತ್ತು ಪೆಟ್ಟಿಗೆಗೆ ಸೇರಿಸಿಕೊಂಡವು. ಕಲ್ಲಿನ ಮೇಲೆ ಒಣ ಮೇಣ ಉಳಿಯಿತು.