ಗಾಥಿಕ್ ಪುಸ್ತಕದೊಳಗೆ ನನ್ನ ಗಂಡ

ಫ್ರಾನ್ಸಿನ ವೆರ್ಮಾಂಕೂರ್ ಎಂಬ ಊರಿನ ದೊಡ್ಡ ಇಗರ್ಜಿಯ ಉತ್ತರದ ಬಾಗಿಲಿಗೆ ಎದುರಾಗಿ ನನ್ನ ಪುಸ್ತಕದಂಗಡಿ ಇದೆ. ಗಾಥಿಕ್ ಕಮಾನು, ಗಾಥಿಕ್ ಗಾಜು, ಗಾಥಿಕ್ ಮೂರ್ತಿ, ಗಾಥಿಕ್ ಬಾಗಿಲ ಚಿಲಕ, ಹೀಗೆ ಯಾವುದರ ಮೇಲೆ ಪುಸ್ತಕ ಬೇಕೆಂದರೂ ನನ್ನಲ್ಲಿ ಸಿಗುತ್ತದೆ. ಎಲ್ಲವನ್ನೂ ಓದಿದ್ದೀಯಾ ಎಂದು ಮಾತ್ರ ಕೇಳಬೇಡಿ. ಒಂದೊಂದೂ ಇಟ್ಟಿಗೆಯಷ್ಟು ದಪ್ಪ. ಅದರಲ್ಲಿ ರಾಜನ ಹೆಸರಿರುತ್ತದೆ, ಬಿಷಪ್ಪನ ಹೆಸರಿರುತ್ತದೆ, ಹಣ ಕೊಟ್ಟ ರಾಣಿಯ ನಾಯಿಯ ಹೆಸರೂ ಇರುತ್ತದೆ. ಕಲ್ಲು ಕೆತ್ತಿದವನ ಹೆಸರು ಹುಡುಕಿದರೂ ಸಿಗುವುದಿಲ್ಲ. ಕಲ್ಲುಕುಟಿಗನ ಹೆಂಡತಿ ನಾನು, ನನಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಆದರೂ ಆ ಪುಸ್ತಕಗಳೆಂದರೆ ನನಗೆ ಜೀವ. ದಿನಾ ಬೆಳಿಗ್ಗೆ ಒಂದೊಂದನ್ನೂ ತೆಗೆದು ಒರೆಸಿ, ಚಿತ್ರ ನೋಡಿ, ವಾಪಸ್ಸು ಇಡುತ್ತೇನೆ.

ನನ್ನ ಗಂಡ ಅಶೀಲ್ ಎರಡನೇ ಮಹಾಯುದ್ಧಕ್ಕೆ ಮುಂಚೆ ಒಂಬತ್ತು ವರ್ಷ ಈ ಇಗರ್ಜಿಯ ದುರಸ್ತಿಯಲ್ಲಿ ದುಡಿದ. ಸವೆದುಹೋದ ಹಳೇ ಕಲ್ಲು ತೆಗೆದು, ಅದೇ ಅಳತೆಗೆ ಹೊಸದು ಕೆತ್ತಿ ಕೂರಿಸುವ ಕೆಲಸ. ಮೇಲಿನವರ ಕಟ್ಟಪ್ಪಣೆ ಎರಡಿತ್ತು. ಕಲ್ಲು ಹೊಸದೆಂದು ಯಾರಿಗೂ ಗೊತ್ತಾಗಬಾರದು. ಕೆತ್ತಿದವನು ತನ್ನ ಗುರುತು ಹಾಕಬಾರದು. ಹಳೇ ಕಾಲದ ಕಲ್ಲುಕುಟಿಗರು ತಾವು ಕೆತ್ತಿದ ಕಲ್ಲಿಗೆ ಬಾಣವೋ ನಕ್ಷತ್ರವೋ ಒಂದು ಸಣ್ಣ ಗುರುತು ಹಾಕುತ್ತಿದ್ದರು. ಇವರಿಗೆ ಆ ಭಾಗ್ಯವೂ ಇರಲಿಲ್ಲ.

ಹೊಸ ಕಲ್ಲಿಗೆ ವಯಸ್ಸು ಬರಿಸಲು ಅಶೀಲ್ ಮಸಿ ಕಲಸಿದ ಚಿಕೋರಿ ಕಷಾಯ ಬಳಿಯುತ್ತಿದ್ದ. ಅದನ್ನು ಕುದಿಸಿಕೊಡುತ್ತಿದ್ದವಳು ನಾನು. ನನ್ನ ಅರ್ಧ ಯೌವನ ಆ ಹಂಡೆಯ ಮುಂದೆಯೇ ಕಳೆದುಹೋಯಿತು.

"ಇಗರ್ಜಿಗೆ ದಿನಾ ಕಾಫಿ ಕುಡಿಸ್ತೀಯಲ್ಲ, ನನಗೆ ಒಂದು ದಿನ ಮಾಡಿಕೊಟ್ಟಿದ್ದೀಯಾ?" ಎಂದು ಬೈಯುತ್ತಿದ್ದೆ.

"ಅವಳಿಗೆ ವಯಸ್ಸಾಗಿದೆ ಕಣೇ, ಪಾಪ. ನೀನಿನ್ನೂ ಗಟ್ಟಿಮುಟ್ಟಾಗಿದ್ದೀಯ," ಎನ್ನುತ್ತಿದ್ದ.

ಕಲ್ಲಿನ ಧೂಳು ಎದೆಗೆ ಸೇರಿ ಒಂಬತ್ತು ವರ್ಷದ ಹಿಂದೆ ಹೋಗಿಬಿಟ್ಟ. ಆಮೇಲೆ ಅಂಗಡಿಯ ಬಾಗಿಲು ತೆಗೆದಾಗಲೆಲ್ಲ ತಲೆಯೆತ್ತಿ ನೋಡುತ್ತೇನೆ. ಲಕ್ಷಾಂತರ ಕಲ್ಲು. ಅದರಲ್ಲಿ ಅವನದು ಯಾವುದು? ಅವನಿದ್ದಾಗ ಕೇಳುವ ಬುದ್ಧಿ ಬರಲಿಲ್ಲ. ಕೇಳಬೇಕು ಅನ್ನಿಸಿದಾಗ ಅವನಿರಲಿಲ್ಲ.

ಹೀಗಿರುವಾಗ ಮೊನ್ನೆಯ ಅಕ್ಟೋಬರ್ ತಿಂಗಳಲ್ಲಿ ಪ್ಯಾರಿಸ್ಸಿನಿಂದ ಒಂದು ಪೆಟ್ಟಿಗೆ ಬಂತು. ಪ್ರೊಫೆಸರ್ ತಿಬೋದೊ ಅವರ ಹೊಸ ಪುಸ್ತಕ. ಈ ತಿಬೋದೊ ಎಂಟು ಬೇಸಿಗೆಯಿಂದ ನಮ್ಮೂರಿಗೆ ಬಂದು, ಏಣಿ ಹತ್ತಿ, ಇಗರ್ಜಿಯ ಕಲ್ಲುಗಳ ಮೇಲಿನ ಗುರುತುಗಳನ್ನೆಲ್ಲ ಕಾಗದಕ್ಕೆ ಉಜ್ಜಿಕೊಂಡು ಹೋಗುವ ಮನುಷ್ಯ. ದಣಿದಾಗ ನನ್ನ ಅಂಗಡಿಯಲ್ಲಿ ಕೂತು, ನನ್ನ ಸೂಪು ಕುಡಿದು, ಗಡ್ಡಕ್ಕೂ ಒಂದಷ್ಟು ಕುಡಿಸುತ್ತಿದ್ದರು. ಒಳ್ಳೆಯವರು. ಆದರೆ ಎಂಟು ವರ್ಷದಲ್ಲಿ ನಿಮ್ಮ ಯಜಮಾನರು ಏನು ಮಾಡುತ್ತಿದ್ದರು ಎಂದು ಒಂದು ಸಲವೂ ಕೇಳಲಿಲ್ಲ. ಏಳುನೂರು ವರ್ಷದ ಹಿಂದಿನವರನ್ನು ವಿಚಾರಿಸುವುದರಲ್ಲೇ ಅವರಿಗೆ ಪುರುಸೊತ್ತಿರಲಿಲ್ಲ.

ಪುಸ್ತಕ ಬಿಚ್ಚಿ ಚಿತ್ರ ನೋಡುತ್ತಾ ಹೋದೆ. ಹದಿಮೂರನೆಯ ಶತಮಾನದ ಕಲ್ಲುಕುಟಿಗರ ಗುರುತುಗಳು, ಸಾಲಾಗಿ, ಸಂಖ್ಯೆ ಹಾಕಿ. ನಲವತ್ತೇಳನೆಯದರ ಹತ್ತಿರ ನನ್ನ ಕೈ ನಿಂತುಹೋಯಿತು. ಒಂದು ಗಾಳದ ಕೊಕ್ಕೆ, ಅದರ ಮೇಲೆ ಎರಡು ಅಡ್ಡಗೆರೆ. ಇದು ನನ್ನ ಮನೆಯ ಸುತ್ತಿಗೆಯ ಹಿಡಿಯ ಮೇಲಿದೆ. ಅವನ ಬುತ್ತಿಡಬ್ಬಿಯ ಮುಚ್ಚಳದ ಮೇಲಿದೆ. ಮಕ್ಕಳ ಮರದ ಚಪ್ಪಲಿಯ ಅಡಿಯಲ್ಲಿತ್ತು. ಕಳ್ಳ! ಅಪ್ಪಣೆ ಮೀರಿ, ಯಾರಿಗೂ ಹೇಳದೆ, ನನಗೂ ಹೇಳದೆ, ಗುರುತು ಹಾಕಿಬಿಟ್ಟಿದ್ದಾನೆ! ಕೆಳಗೆ ಬರೆದಿತ್ತು: "ಹನ್ನೆರಡು ಕಲ್ಲುಗಳು. ಈ ಅನಾಮಿಕನಷ್ಟು ಒಳ್ಳೆಯ ಕೈ ಇಡೀ ಇಗರ್ಜಿಯಲ್ಲಿ ಇನ್ನೊಂದಿಲ್ಲ."

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮುಂದಿನ ಪುಟ ತಿರುಗಿಸಲು ಕಣ್ಣು ಕಾಣಬೇಕಲ್ಲ.

ಪಕ್ಕದ ಮೀನಂಗಡಿಯ ಜೆರ್ಮೆನ್ ನನ್ನ ಗೆಳತಿ. ಅಳು ಕೇಳಿ ಕೈ ಒರೆಸಿಕೊಳ್ಳುತ್ತಾ ಓಡಿಬಂದಳು.

"ಏನಾಯ್ತೇ ಓದಿಲ್? ಯಾರು ಹೋದ್ರು?"

"ಹೋದವನು ಬಂದಿದ್ದಾನೆ ಕಣೇ, ಇಲ್ನೋಡು."

ಅವಳು ನೋಡಿದಳು, ಓದಿದಳು, ಇನ್ನೊಮ್ಮೆ ಓದಿದಳು. "ಅಯ್ಯೋ ದೇವರೇ, ನಮ್ಮ ಅಶೀಲ್! ಸರಿ, ಪ್ರೊಫೆಸರಿಗೆ ಹೇಳ್ತೀಯಾ?"

"ಹೇಳಬೇಕಲ್ವಾ? ತಪ್ಪು ತಾನೆ ಇದು? ಪಾಪ, ಎಂಟು ವರ್ಷ ಏಣಿ ಹತ್ತಿದ್ದಾರೆ."

"ಬುದ್ಧಿ ಇದೆಯಾ ನಿನಗೆ? ಹೇಳಿದ್ರೆ ಈ ಸಾಲನ್ನ ಕಿತ್ತು ಬಿಸಾಡ್ತಾರೆ. ಬದುಕಿದ್ದಾಗ ಅವನನ್ನ ಯಾರು ಹೊಗಳಿದ್ರೇ? ಆ ಮೇಸ್ತ್ರಿ 'ಹೂಂ' ಅಂದಿದ್ದೇ ದೊಡ್ಡದು. ಈಗ ಪುಸ್ತಕದಲ್ಲಿ ಕೂತಿದ್ದಾನೆ, ಕೂರಲಿ ಬಿಡು. ಬಾಯಿ ಮುಚ್ಚಿಕೊಂಡಿರು. ನಿನ್ನ ಬಾಯಿ ನನಗೆ ಗೊತ್ತು."

ಅವಳ ಮಾತು ನಿಜವಾಗಿತ್ತು. ಹೇಳಿದರೆ ಅವನಿಗೆ ಸಿಕ್ಕ ಒಂದೇ ಒಂದು ಹೊಗಳಿಕೆಯನ್ನು ನಾನೇ ಕೈಯಾರೆ ಅಳಿಸಿದ ಹಾಗೆ. ಹೇಳದಿದ್ದರೆ ಅವನು ಹೆಸರಿಲ್ಲದೆಯಾದರೂ ಉಳಿಯುತ್ತಾನೆ. ನಾನು ಸುಮ್ಮನಿರುವುದೆಂದು ತೀರ್ಮಾನಿಸಿದೆ. ಆ ವಾರವೆಲ್ಲ ಸುಮ್ಮನಿದ್ದೆ ಕೂಡ. ನನ್ನನ್ನು ಬಲ್ಲವರಿಗೆ ಅದರ ಕಷ್ಟ ಗೊತ್ತು.

ಭಾನುವಾರ ಪೂಜೆ ಮುಗಿದ ಮೇಲೆ ಪುಸ್ತಕ ಓದಿ ಹೇಳಲು ಪ್ರೊಫೆಸರ್ ಅಂಗಡಿಗೆ ಬಂದರು. ಇಪ್ಪತ್ತು ಮಂದಿ ಸೇರಿದ್ದರು. ಸೇಬಿನ ಮದ್ಯ, ಚೀಸು, ಜೆರ್ಮೆನ್ ತಂದ ಹೊಗೆಮೀನು ಎಲ್ಲ ಇತ್ತು. ತಿಬೋದೊ ಕನ್ನಡಕ ಏರಿಸಿ, "ನನಗೆ ತುಂಬಾ ಹತ್ತಿರವಾದ ಒಬ್ಬರ ಬಗ್ಗೆ ಓದ್ತೀನಿ," ಎಂದರು. "ನಲವತ್ತೇಳನೇ ಗುರುತಿನವರು. ಇವರೊಬ್ಬರಿಗೋಸ್ಕರ ಮೂರು ಬೇಸಿಗೆ ಕಳೆದಿದ್ದೀನಿ."

ಜೆರ್ಮೆನ್ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಪ್ರೊಫೆಸರ್ ಓದಿದರು: ಈ ಮನುಷ್ಯ ಎಡಗೈಯವನು. ನಿಜ. ಗಿಡ್ಡ ಆಳು. ನಿಜ, ನನಗಿಂತ ಎರಡು ಬೆರಳು ಗಿಡ್ಡ. ಒರಟು ಮಾತಿನವನಲ್ಲ. ನಿಜ, ಒರಟು ಮಾತು ನನ್ನ ಪಾಲಿಗೆ ಬಂದಿತ್ತು. ಕಲ್ಲು ನೋಡಿ ಇಷ್ಟೆಲ್ಲ ಹೇಳುತ್ತಾರಲ್ಲ ಎಂದು ನನಗೆ ಅವರ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ, ಎದ್ದು ಹೋಗಿ ಕೆನ್ನೆಗೆ ಮುತ್ತಿಡೋಣ ಅನ್ನಿಸಿತು.

ಅವರು ಪುಟ ತಿರುಗಿಸಿದರು. ನಾನು ತಿರುಗಿಸದೆ ಬಿಟ್ಟಿದ್ದ ಪುಟ.

"ಸಡಿಲಗೊಂಡು ಹೊರತೆಗೆದ ಕಲ್ಲೊಂದರಲ್ಲಿ ಕಂಡಂತೆ, ಗೋಡೆಯೊಳಗೆ ಸೇರಿಹೋಗುವ, ಯಾರ ಕಣ್ಣಿಗೂ ಬೀಳದ ಬದಿಯನ್ನೂ ಈತ ಅಷ್ಟೇ ನಯವಾಗಿ ಕೆತ್ತಿದ್ದಾನೆ. ಮನೆಯಲ್ಲಿ ಕಾಯುವವರಿದ್ದ ಮನುಷ್ಯ ಹೀಗೆ ಹೊತ್ತು ಕಳೆಯಲಾರ. ಈತ ಮದುವೆಯಾಗಿರಲಿಲ್ಲ, ಬ್ರಹ್ಮಚಾರಿಯಾಗಿದ್ದ ಎಂದು ಧೈರ್ಯವಾಗಿ ಹೇಳಬಹುದು."

ಮೈಯೆಲ್ಲ ಉರಿದುಹೋಯಿತು. ಜೆರ್ಮೆನ್ ಹಿಡಿದ ಕೈ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಬ್ರಹ್ಮಚಾರಿನಾ? ಯಾರ್ರೀ ಬ್ರಹ್ಮಚಾರಿ? ಮೂರು ಮಕ್ಕಳು ಹೆತ್ತಿದ್ದೀನಿ ನಾನು ಆ ಮನುಷ್ಯನಿಗೆ! ಮನೇಲಿ ಕಾಯೋರು ಇರಲಿಲ್ವಂತೆ! ಕಿಟಕಿ ಹತ್ರ ನಿಂತು ನಿಂತು ನನ್ನ ಕಾಲು ಬಿದ್ದುಹೋಗ್ತಿತ್ತು. ಒಂದೇ ಸೂಪನ್ನ ಮೂರು ಸಲ ಬಿಸಿ ಮಾಡ್ತಿದ್ದೆ. ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ದೆ ಅಂದ್ರೆ, 'ಇನ್ನೊಂಚೂರು ಇತ್ತು ಕಣೇ' ಅಂತಿದ್ದ. ಈ ಹಿಂಬದಿ ಕೆತ್ತೋದಕ್ಕಾ? ಗೋಡೆಯೊಳಗೆ ಹೋಗೋದಕ್ಕಾ?"

ಜೆರ್ಮೆನ್ ಹಣೆ ಚಚ್ಚಿಕೊಂಡಳು.

"ಯಾವ ಮನುಷ್ಯ, ಮದಾಮ್ ಫ್ಲೊಕೂರ್?" ಪ್ರೊಫೆಸರ್ ಮೆಲ್ಲಗೆ ಕೇಳಿದರು.

ಇನ್ನು ಮುಚ್ಚಿಡಲು ಏನುಳಿದಿದೆ? ಒಳಗೆ ಹೋಗಿ ಬುತ್ತಿಡಬ್ಬಿ ತಂದು ಅವರ ಮುಂದಿಟ್ಟೆ. ಅವರು ಮುಚ್ಚಳದ ಮೇಲಿನ ಗುರುತನ್ನು ನೋಡಿದರು, ಪುಸ್ತಕ ನೋಡಿದರು, ಮುಖ ಸುಣ್ಣದಂತಾಯಿತು. ಹಿಂದಿನ ಸಾಲಿನಲ್ಲಿ ಕೂತಿದ್ದ ಶಾಲೆಯ ಮುಖ್ಯೋಪಾಧ್ಯಾಯ ಕಿಸಕ್ಕನೆ ನಕ್ಕ.

"ನಗಬೇಡಿ ಸ್ವಾಮಿ," ಎಂದು ನಾನು ತಿರುಗಿಬಿದ್ದೆ. "ನೀವು ನಲವತ್ತು ವರ್ಷದಿಂದ ಈ ಇಗರ್ಜಿ ಎದುರಿಗೇ ಓಡಾಡ್ತಿದ್ದೀರಿ. ಅವನ ಕಲ್ಲು ಚೆನ್ನಾಗಿದೆ ಅಂತ ನಿಮಗೆ ಯಾವತ್ತಾದರೂ ಅನ್ನಿಸಿತ್ತಾ? ಇವರಿಗೆ ಅನ್ನಿಸ್ತು."

ಜನ ಒಬ್ಬೊಬ್ಬರಾಗಿ ಎದ್ದು ಹೋದರು. ಪ್ರೊಫೆಸರ್ ಮಾತ್ರ ಅಲ್ಲೇ ಕೂತಿದ್ದರು. ನನಗೆ ನಾಲಿಗೆ ಕಿತ್ತುಕೊಳ್ಳೋಣ ಅನ್ನಿಸಿತು. ಒಂದೇ ಬಾಯಿಗೆ ಎರಡನ್ನೂ ಕಳೆದಿದ್ದೆ. ಇವರ ಮಾನವನ್ನೂ, ಅವನ ಹೊಗಳಿಕೆಯನ್ನೂ.

"ಕಲ್ಲಿನ ಮೇಲೆ ಆ ಕಂದು ಬಣ್ಣ?" ಎಂದರು ಕೊನೆಗೆ.

"ಚಿಕೋರಿ. ನಾನೇ ಕುದಿಸಿದ್ದು."

"ಏಳುನೂರು ವರ್ಷದ ಮಳೆ ಅಂತ ಬರೆದಿದ್ದೀನಿ," ಎಂದರು. ಆಮೇಲೆ ಅವರಿಗೂ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು. ನಾನೂ ನಕ್ಕೆ. ಜೆರ್ಮೆನ್ ಮೂವರಿಗೂ ಲೋಟ ತುಂಬಿದಳು.

"ತೆಗೆದುಹಾಕಿಬಿಡಿ ಪ್ರೊಫೆಸರ್," ಎಂದೆ. "ನಿಮ್ಮ ಪುಸ್ತಕ ಕೆಡೋದು ಬೇಡ. ನನಗೇನೂ ಬೇಜಾರಿಲ್ಲ." ಸುಳ್ಳು.

ಅವರು ಕಾಗದದ ಚೂರೊಂದನ್ನು ಕೇಳಿ ತೆಗೆದುಕೊಂಡರು. ಅಚ್ಚಾದ ಪುಸ್ತಕದಲ್ಲಿ ತಪ್ಪು ಸಿಕ್ಕಿದರೆ ಒಂದು ಸಣ್ಣ ಚೀಟಿ ಅಚ್ಚು ಹಾಕಿ ಪ್ರತಿಯೊಂದು ಪ್ರತಿಯೊಳಗೂ ಅಂಟಿಸುತ್ತಾರೆ. ನಾನೇ ಎಷ್ಟೋ ಪುಸ್ತಕಗಳಿಗೆ ಅಂಟಿಸಿದ್ದೇನೆ. ಹೆಸರು ಕೇಳಿದರು, ಹುಟ್ಟಿದ ವರ್ಷ ಕೇಳಿದರು, ತೀರಿಹೋದ ವರ್ಷ ಕೇಳಿದರು. ಬರೆದು ನನ್ನ ಕಡೆ ತಳ್ಳಿದರು.

"ಪುಟ ನೂರ ಹದಿನಾಲ್ಕು. 'ಹದಿಮೂರನೆಯ ಶತಮಾನದ ಅನಾಮಿಕ' ಎಂಬಲ್ಲಿ 'ಅಶೀಲ್ ಫ್ಲೊಕೂರ್, ವೆರ್ಮಾಂಕೂರ್, ೧೮೯೮–೧೯೪೯' ಎಂದೂ, 'ಬ್ರಹ್ಮಚಾರಿ' ಎಂಬಲ್ಲಿ 'ವಿವಾಹಿತ' ಎಂದೂ ಓದಿಕೊಳ್ಳುವುದು."

ನಾನು ಅದನ್ನು ಎರಡು ಸಲ ಓದಿದೆ. "ಮತ್ತೆ ಆ ಇನ್ನೊಂದು ಸಾಲು? ಅಷ್ಟು ಒಳ್ಳೆಯ ಕೈ ಇಲ್ಲ ಅಂತ ಬರೆದಿದ್ದೀರಲ್ಲ, ಅದಕ್ಕೇನು ಮಾಡ್ತೀರಿ?"

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅದರಲ್ಲಿ ತಪ್ಪೇನಿದೆ? ಅದನ್ನ ಯಾಕೆ ತಿದ್ದಲಿ?"

ನಾನು ಚೀಸಿನ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಸ್ವಲ್ಪ ಹೊತ್ತು ಅಲ್ಲೇ ಇದ್ದೆ.

ಮಾರನೆಯ ಬೆಳಿಗ್ಗೆ ಪ್ರೊಫೆಸರ್ ಗೋಪುರದ ಬೀಗದ ಕೈ ಇಸಿದುಕೊಂಡು ಬಂದರು. ಇನ್ನೂರ ಹದಿನಾರು ಮೆಟ್ಟಿಲು. ನನ್ನ ಮಂಡಿ ಅವರನ್ನೂ ಇಗರ್ಜಿಯನ್ನೂ ಒಟ್ಟಿಗೆ ಬೈಯಿತು. ಅಶೀಲ್ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಹೆಂಗಸರನ್ನು ಮೇಲೆ ಬಿಡುತ್ತಿರಲಿಲ್ಲ. ಬುತ್ತಿ ಕೆಳಗೇ ಕೊಟ್ಟು ಬರುತ್ತಿದ್ದೆ. ಅವನು ಉಣ್ಣುವುದನ್ನು ನೋಡಿದ್ದೇನೆ, ಮಲಗುವುದನ್ನು ನೋಡಿದ್ದೇನೆ, ಸಾಯುವುದನ್ನೂ ನೋಡಿದ್ದೇನೆ. ಉಳಿ ಹಿಡಿದದ್ದನ್ನು ಒಂದು ದಿನವೂ ನೋಡಿದವಳಲ್ಲ.

ಎರಡು ಆಸರೆಗೋಡೆಗಳ ನಡುವೆ, ಪಾರಿವಾಳಗಳು ಕೂರುವ ಸಂದಿಯಲ್ಲಿ ಆ ಕಲ್ಲಿತ್ತು. ಕೊಕ್ಕೆ, ಎರಡು ಅಡ್ಡಗೆರೆ. ನಾನು ಅಂಗೈ ಇಟ್ಟೆ. ತಣ್ಣಗಿತ್ತು.

"ಅವನು ಹೇಗೆ ಕೆಲಸ ಮಾಡ್ತಿದ್ದ, ಹೇಳಿ ಪ್ರೊಫೆಸರ್. ನನಗೆ ಗೊತ್ತಿಲ್ಲ."

ಅವರು ಬೆರಳಿನಿಂದ ಉಳಿಯ ಸಾಲುಗಳನ್ನು ತೋರಿಸುತ್ತಾ ಹೋದರು. "ಇಲ್ಲಿಂದ ಶುರು ಮಾಡಿದ್ದಾರೆ, ಎಡಗೈಯಲ್ಲಿ. ಇಲ್ಲಿ ಉಳಿ ಬದಲಾಯಿಸಿದ್ದಾರೆ, ಸಣ್ಣದು ತಗೊಂಡಿದ್ದಾರೆ. ಇಲ್ಲಿ ನೋಡಿ, ಇದೊಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಸಾಲು ಅರ್ಧಕ್ಕೆ ನಿಂತಿದೆ. ಇಲ್ಲಿ ಮತ್ತೆ. ಇಲ್ಲಿ ಇನ್ನೊಮ್ಮೆ. ಅವಸರದ ಮನುಷ್ಯ ಅಲ್ಲ, ಯಾಕೆ ಹೀಗೆ ನಿಲ್ಲಿಸಿದ್ರೋ."

"ಕೆಮ್ಮು," ಎಂದೆ. "ಕೆಮ್ಮು ಬಂದಾಗ ನಿಲ್ಲಿಸಿದ್ದಾನೆ."

ಪ್ರೊಫೆಸರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಗಾಳಿ ಜೋರಾಗಿತ್ತು. ನಾನು ಆ ನಿಂತ ಜಾಗದ ಮೇಲೆ ಬೆರಳಿಟ್ಟುಕೊಂಡು, ಕೆಮ್ಮು ನಿಲ್ಲುವವರೆಗೆ ಕಾದೆ.

"ಆಮೇಲೆ?" ಎಂದು ಕೇಳಿದೆ.

"ಆಮೇಲೆ ಇಲ್ಲಿಂದ ಮತ್ತೆ ಶುರು ಮಾಡಿದ್ದಾರೆ, ಮದಾಮ್," ಎಂದರು ಅವರು. "ಕೊನೇ ತನಕ ಹೋಗಿದ್ದಾರೆ."